ಮುಂದಿನ ಹೊಲವೇ ರನ್‌ವೇ

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ತಾಂತ್ರಿಕ ದೋಷದಿಂದಾಗಿ ಹೊನ್ನಿಹಾಳದ ಹತ್ತಿರ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕುಳಿದರು. ಸಣ್ಣ ವಿಮಾನ ತಲೆಯ ಮೇಲೆ ಹಾದಾಗ ಚಹಾದಂಗಡಿ ಕಟ್ಟೆಯ ಮೇಲೆ ಏಳುವ ಕೆಲವು ಮಾತುಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

“ಎಂಜಿನ್ ಬಂದ್ ಆತಂದ್ರ ವಿಮಾನ ಕಲ್ಲ ಬಿದ್ದಂಗ ಬೀಳತೈತಿ.”

ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ಪೆಡಲ್ ತುಳಿಯದಿದ್ದರೂ ಸೈಕಲ್ಲು ಇಳಿಜಾರಿನಲ್ಲಿ ಓಡುತ್ತದಲ್ಲ, ಹಾಗೆ. ಸೆಸ್ನಾ 172ರಂಥ ವಿಮಾನ ಗಂಟೆಗೆ ಸುಮಾರು 125 ಕಿ.ಮೀ. ವೇಗ ಹಿಡಿದಿದ್ದರೆ, ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಸಾಗುತ್ತದೆ. 500 ಅಡಿ ಎತ್ತರವಿದ್ದರೆ ಕೈಯಲ್ಲಿರುವುದು ಸುಮಾರು 40 ಸೆಕೆಂಡು. ಆದರೆ ಏರುವಾಗ ವಿಮಾನದ ಮೂತಿ ಮೇಲಿರುತ್ತದೆ. ಎಂಜಿನ್ ನಿಂತ ಕೂಡಲೇ ಅದನ್ನು ತಗ್ಗಿಸದಿದ್ದರೆ ವೇಗ ಕರಗಿ, ರೆಕ್ಕೆ ಗಾಳಿಯ ಆಸರೆ ಕಳೆದುಕೊಳ್ಳುತ್ತದೆ. ಇದೇ ‘ಸ್ಟಾಲ್’. ನೆಲ ಇಷ್ಟು ಹತ್ತಿರವಿರುವಾಗ ಮೂತಿ ಕೆಳಗೆ ಮಾಡಲು ಮನಸ್ಸು ಒಪ್ಪದು, ಒಪ್ಪಿಸುವುದು ಅಭ್ಯಾಸ.

“ರನ್‌ವೇ ಹಿಂದ ಐತಲ್ಲ, ಹೊಳ್ಳಿ ಬಂದ್ರಾತು.”

ಇದರಷ್ಟು ಜೀವ ತೆಗೆಯುವ ಆಸೆ ಇನ್ನೊಂದಿಲ್ಲ. 180 ಡಿಗ್ರಿ ತಿರುಗಿದರೆ ವಿಮಾನ ರನ್‌ವೇಯ ಪಕ್ಕಕ್ಕೆ ಬರುತ್ತದೆಯೇ ಹೊರತು ನೇರಕ್ಕಲ್ಲ. ನೇರಕ್ಕೆ ತರಲು ಇನ್ನೂ ತಿರುಗಿಸಬೇಕು. ಅವಸರಕ್ಕೆ 45 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ ಶೇ. 19ರಷ್ಟು ಏರುತ್ತದೆ, ಎತ್ತರವೂ ಬೇಗ ಕರಗುತ್ತದೆ. ಏರುವಾಗ ನೆರವಾದ ಎದುರುಗಾಳಿ ಈಗ ಬೆನ್ನಿಗೆ ಬಂದು ನೆಲ ಮುಟ್ಟುವಾಗಿನ ಓಟದ ವೇಗವನ್ನು ಹೆಚ್ಚಿಸುತ್ತದೆ. ಆದ್ದರಿಂದ ಕಡಿಮೆ ಎತ್ತರದಲ್ಲಿ ನೇರ ಮುಂದೆ, ಇಲ್ಲವೇ ಸ್ವಲ್ಪ ಎಡಬಲಕ್ಕೆ ಸಿಗುವ ಬಯಲೇ ಗತಿ.

“ಅರ್ಧಾಮರ್ಧ ಪವರ್ ಇದ್ರ ಚಿಂತಿ ಇಲ್ಲ.”

ಚಿಂತೆ ಇರುವುದೇ ಅಲ್ಲಿ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2000ರಿಂದ 2010ರವರೆಗಿನ ಒಂಟಿ ಎಂಜಿನ್ ವಿಮಾನಗಳ ಲೆಕ್ಕ ತೆಗೆಯಿತು. ಟೇಕಾಫ್ ಬೆನ್ನಿಗೇ ಎಂಜಿನ್ ಪೂರ್ತಿ ಕೈಕೊಟ್ಟ ಘಟನೆಗಳು 75; ಅವುಗಳಲ್ಲಿ ಒಂದು ಸಾವೂ ಇಲ್ಲ. ಅರೆಬರೆ ಶಕ್ತಿ ಉಳಿದ ಘಟನೆಗಳು 242. ಅವುಗಳಲ್ಲಿ 9 ಮಾರಣಾಂತಿಕ. ಎಂಜಿನ್ ಪೂರ್ತಿ ಸತ್ತಾಗ ಪೈಲಟ್ ಹೊಲ ಹುಡುಕುತ್ತಾನೆ. ಕೆಮ್ಮುತ್ತ, ನಡುಗುತ್ತ ಓಡುವ ಎಂಜಿನ್ ‘ಮನಿ ಮುಟ್ಟಸ್ತೇನಿ’ ಎಂದು ಆಸೆ ಹುಟ್ಟಿಸಿ ಅವನನ್ನು ಹಿಂದಕ್ಕೆ ತಿರುಗಿಸುತ್ತದೆ, ನಡುದಾರಿಯಲ್ಲಿ ಕೈಬಿಡುತ್ತದೆ.

“ಮೀಟರ್ 3,000 ತೋರಸಾಕತ್ತೈತಿ, ಭಾಳ ಎತ್ತರ ಅದೀವಿ.”

ಸಾಂಬ್ರಾ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 2,490 ಅಡಿ ಮೇಲಿದೆ. ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುವ ಮೀಟರಿನಲ್ಲಿ 3,000 ಅಡಿ ಕಂಡರೆ ಕಾಲ ಕೆಳಗಿರುವುದು ಸುಮಾರು 500 ಅಡಿ ಮಾತ್ರ. ಬೇಸಿಗೆಯ 36 ಡಿಗ್ರಿ ಬಿಸಿಲಿನಲ್ಲಂತೂ ತೆಳುವಾದ ಗಾಳಿಯಲ್ಲಿ ವಿಮಾನ 5,500 ಅಡಿ ಎತ್ತರದ ನಿಲ್ದಾಣದಿಂದ ಏರುವಂತೆ ತಿಣುಕುತ್ತದೆ. ಓಟ ಉದ್ದವಾಗುತ್ತದೆ, ಏರಿಕೆ ನಿಧಾನವಾಗುತ್ತದೆ.

“ಹಸರ ಸಪಾಟ ಕಂಡಲ್ಲಿ ಇಳಿಸಬೇಕು.”

ಮೇಲಿನಿಂದ ಹಾಸಿದ ಜಮಖಾನೆಯಂತೆ ಕಾಣುವುದು ಆಳೆತ್ತರದ ಕಬ್ಬಾಗಿರಬಹುದು. ಮಳೆಗಾಲದ ಖಾನಾಪುರದ ಭತ್ತದ ಗದ್ದೆಯಲ್ಲಿ ಮುಂಗಾಲಿ ಹೂತು ವಿಮಾನ ಪಲ್ಟಿ ಹೊಡೆಯಬಹುದು. ಬದುಗಳೂ ಅಡ್ಡ ಬರುತ್ತವೆ. ಕೊಯ್ಲಾದ ಒಣ ಹೊಲ ಸಿಕ್ಕರೆ ಪುಣ್ಯ. ಅಲ್ಲಿಯೂ ನೇಗಿಲ ಸಾಲಿನ ಗುಂಟ ಇಳಿಯಬೇಕು, ಅಡ್ಡಡ್ಡ ಅಲ್ಲ. ಖಾನಾಪುರದಾಚೆ ದಟ್ಟ ಕಾಡಿದೆ, ನಿಜ. ಆದರೆ ಸಾಂಬ್ರಾದಿಂದ ಅಷ್ಟು ದೂರ ಬರುವ ಹೊತ್ತಿಗೆ ವಿಮಾನ ಎತ್ತರ ಗಳಿಸಿರುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಸುತ್ತ ಸುಮಾರು 8 ಕಿ.ಮೀ. ದೂರದೊಳಗೆ ಜಾಗ ಆರಿಸಬಹುದು.

“ವಿಮಾನ ಮುರೀತಂದ್ರ ಪೈಲಟ್ ಸೋತಂಗ.”

ರೆಕ್ಕೆ ಮುರಿಯಲಿ, ಚಕ್ರ ಕಿತ್ತುಹೋಗಲಿ, ಕುಳಿತವರು ಎದ್ದು ಬಂದರೆ ಗೆದ್ದಂತೆ. ವೇಗ ಅರ್ಧವಾದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹಿಡಿತ ತಪ್ಪದಂತೆ, ಸಾಧ್ಯವಾದಷ್ಟು ನಿಧಾನವಾಗಿ ನೆಲ ಮುಟ್ಟಬೇಕು. ಮುಟ್ಟುವ ಮೊದಲು ಇಂಧನ ಬಂದ್, ವಿದ್ಯುತ್ ಬಂದ್, ಬಾಗಿಲ ಚಿಲಕ ಸಡಿಲ. ಓಡಿ ಬಂದ ಊರವರಿಗೂ ಒಂದು ಮಾತು: ಬೀಡಿ ಹಚ್ಚಬೇಡಿ, ಪ್ರೊಪೆಲ್ಲರ್ ಮುಟ್ಟಬೇಡಿ, 112ಕ್ಕೆ ಕರೆ ಮಾಡಿ.

ಆ 40 ಸೆಕೆಂಡಿನಲ್ಲಿ ಯೋಚನೆಗೆ ಪುರಸೊತ್ತಿಲ್ಲ. ಅದಕ್ಕೇ ಪಳಗಿದ ಪೈಲಟ್ ರನ್‌ವೇಯ ತುದಿಯಲ್ಲಿ ನಿಂತು, ಎಂಜಿನ್ ಚೆನ್ನಾಗಿ ಗುಂಯ್‌ಗುಡುತ್ತಿರುವಾಗಲೇ, ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ: ಇಷ್ಟು ಎತ್ತರದೊಳಗೆ ಕೈಕೊಟ್ಟರೆ ನೇರ ಮುಂದೆ, ಆ ಹೊಲಕ್ಕೆ. ನಂತರವೇ ಥ್ರಾಟಲ್.