ಕೆಳಗೆ ಅಂಗಡಿ, ಮೇಲೆ ಮನೆ: ನವೀಕರಣಕ್ಕೆ ಮುನ್ನ ಅಗ್ನಿಸುರಕ್ಷತೆಯ ಲೆಕ್ಕ

ಹತ್ತಿಮತ್ತೂರಿನ ವ್ಯಾಪಾರಸ್ಥರೊಬ್ಬರು ಇತ್ತೀಚೆಗೆ ತಮ್ಮ ಕಟ್ಟಡದ ನವೀಕರಣದ ಅಂದಾಜುಪಟ್ಟಿಯೊಡನೆ ನಮ್ಮ ಕಛೇರಿಗೆ ಬಂದಿದ್ದರು. ಮುಂದೆ ಅಂಗಡಿ, ಹಿಂದೆ ಉಗ್ರಾಣ, ಮೇಲೆ ವಾಸದ ಮನೆ. ವೆಚ್ಚವನ್ನು ಯಾವ ಖಾತೆಗೆ ಹಾಕಬೇಕೆಂಬುದು ಅವರ ಪ್ರಶ್ನೆ. ನಕ್ಷೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಹೊರಗಿನ ಮೆಟ್ಟಿಲನ್ನು ಕೆಡವಿ, ಆ ಜಾಗವನ್ನು ಅಂಗಡಿಗೆ ಸೇರಿಸಿ, ಮನೆಗೆ ಉಗ್ರಾಣದೊಳಗಿಂದಲೇ ಹೊಸ ಮೆಟ್ಟಿಲನ್ನು ಯೋಜಿಸಲಾಗಿತ್ತು.

2025ರ ಆಗಸ್ಟ್ 16ರ ನಸುಕಿನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ ಬೆಂಕಿ ಬಿದ್ದದ್ದು ಇಂತಹದೇ ಕಟ್ಟಡಕ್ಕೆ. ಕೆಳಗೆ ಮ್ಯಾಟ್‌ಗಳ ದಾಸ್ತಾನು, ಮೇಲೆ ಸಂಸಾರ. ಮಕ್ಕಳೂ ಸೇರಿ ಐವರು ಮೃತಪಟ್ಟರು. ನಮ್ಮ ಜಿಲ್ಲೆಯಲ್ಲಿಯೇ, ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ 2023ರ ಆಗಸ್ಟ್‌ನಲ್ಲಿ ವೆಲ್ಡಿಂಗ್ ಕೆಲಸ ನಡೆದಿದ್ದಾಗ ಬೆಂಕಿ ಹೊತ್ತಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ದಾಸ್ತಾನನ್ನು ತೆರವುಗೊಳಿಸದೆ ವೆಲ್ಡಿಂಗ್ ಮಾಡಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಓದುಗರು ಬಲ್ಲರು.

ಬಹುಮಹಡಿ ಕಟ್ಟಡಗಳಿಗೆ ಬೇಕಾಗುವ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನು ಎರಡಂತಸ್ತಿನ ಮನೆ-ಅಂಗಡಿಗೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಆದ್ದರಿಂದ ನಿಯಮವೇ ಇಲ್ಲವೆಂದು ಭಾವಿಸಲಾಗಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಈ ವಿಷಯಕ್ಕೇ ಮೀಸಲಾಗಿದೆ. ಮಿಶ್ರ ಬಳಕೆಯ ಕಟ್ಟಡದಲ್ಲಿ ಯಾವ ಬಳಕೆಯಿಂದ ಅಪಾಯ ಹೆಚ್ಚೋ ಅದರ ನಿಯಮವೇ ಇಡೀ ಕಟ್ಟಡಕ್ಕೆ ಅನ್ವಯ. ಬೆಂಕಿಯನ್ನು ನಿಗದಿತ ಅವಧಿ ತಡೆಯಬಲ್ಲ ಗೋಡೆಯಿಂದ ಬೇರ್ಪಡಿಸಿದರೆ ಮಾತ್ರ ವಿನಾಯಿತಿ. ಅಂದರೆ ಅರಳೆ, ಗೋಣಿಚೀಲ, ಎಣ್ಣೆ ಡಬ್ಬಿಗಳ ಮೇಲೆ ಮಲಗುವ ಕುಟುಂಬಕ್ಕೆ ಉಗ್ರಾಣವನ್ನು ಮುಟ್ಟದ ಪ್ರತ್ಯೇಕ ಮೆಟ್ಟಿಲು ಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತಾಗಲೂ ಜ್ವಾಲೆಗಿಂತ ಮೊದಲು ಜನರನ್ನು ಸುತ್ತುಗಟ್ಟಿದ್ದು ಹೊಗೆ. ಕಳ್ಳರ ಭಯಕ್ಕೆ ಕಿಟಕಿಗಳಿಗೆಲ್ಲ ಗ್ರಿಲ್ ಹಾಕಿಸುವವರು ಒಂದನ್ನಾದರೂ ಒಳಗಿನಿಂದ ತೆರೆಯುವಂತೆ ಮಾಡಿಸತಕ್ಕದ್ದು.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಅಪಾಯ ಹೆಚ್ಚುವಂತೆ ಕಟ್ಟಡದ ಬಳಕೆ ಬದಲಾದರೆ ವಿಮಾ ಕಂಪನಿಗೆ ತಿಳಿಸಬೇಕೆಂಬುದು ಅಗ್ನಿವಿಮೆಯ ಷರತ್ತು. ತಿಳಿಸದಿದ್ದಲ್ಲಿ ಕ್ಲೇಮು ತಿರಸ್ಕೃತವಾಗಬಹುದು. 40 ಲಕ್ಷ ರೂಪಾಯಿ ದಾಸ್ತಾನಿಗೆ 20 ಲಕ್ಷಕ್ಕಷ್ಟೇ ವಿಮೆ ಇದ್ದು 10 ಲಕ್ಷದ ನಷ್ಟವಾದರೆ, ಸರಾಸರಿ ನಿಯಮದಂತೆ ದೊರೆಯುವುದು 5 ಲಕ್ಷದ ಆಸುಪಾಸು ಮಾತ್ರ. 5 ಕೋಟಿವರೆಗಿನ ಆಸ್ತಿಗೆ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯು ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ, ಅರ್ಧಕ್ಕರ್ಧ ಕೊರತೆಯನ್ನಲ್ಲ.

ಬಹಳ ಜನ ಮರೆಯುವುದು ಜಿಎಸ್‌ಟಿಯನ್ನು. ಸುಟ್ಟುಹೋದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು, ಕಾಯ್ದೆಯ 17(5)(ಎಚ್) ಕಲಮಿನಂತೆ, ಹಿಂದಿರುಗಿಸಬೇಕು. ಶೇ. 18ರ ದರದ 20 ಲಕ್ಷದ ಸರಕಾದರೆ 3.60 ಲಕ್ಷ ರೂಪಾಯಿ! ವಿಮಾ ಮೊತ್ತವನ್ನು ಗೊತ್ತುಪಡಿಸುವಾಗ ಇದನ್ನೂ ಸೇರಿಸುವ ಬಗ್ಗೆ ಕಂಪನಿಯೊಡನೆ ಮಾತನಾಡಿ. ಅಂಗಡಿಗೆಂದು ಕೊಳ್ಳುವ ಅಗ್ನಿನಂದಕಗಳ ಮೇಲಿನ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ. ಬಂಡವಾಳ ವೆಚ್ಚವೆಂದು ತೋರಿಸಿದ ಗೋಡೆ, ಮೆಟ್ಟಿಲುಗಳಿಗೆ ಸಿಗದು.

ಮೇಲೆ ಹೇಳಿದ ವ್ಯಾಪಾರಸ್ಥರು ಹೊರಮೆಟ್ಟಿಲನ್ನು ಉಳಿಸಿಕೊಳ್ಳಲು ಒಪ್ಪಿದ್ದಾರೆ. ಅಂಗಡಿ ಕಿರಿದಾಯಿತೆಂಬ ಬೇಸರವಿದೆ. ಕಿಟಕಿಯ ಗ್ರಿಲ್ಲಿನ ವಿಚಾರದಲ್ಲಿ ಮಾತ್ರ ಮನೆಯವರೊಡನೆ ಇನ್ನೂ ಚರ್ಚೆ ನಡೆದಿದೆ.