ನೊಣದೆಣ್ಣೆಯ ತಾತ

ಮೈ ಮೇಲೆ ನೊಣ ಕೂತ ಕೂಡಲೇ ಕುದುರೆ ಬಾಲ ಬೀಸುವುದಿಲ್ಲ. ಮೊದಲು ನೊಣ ಕೂತಷ್ಟೇ ಜಾಗದ ಚರ್ಮವನ್ನು ಅದುರಿಸುತ್ತದೆ. ಭುಜದ ಮೇಲೋ ಪಕ್ಕೆಯ ಮೇಲೋ ಸಣ್ಣ ನಡುಕವೊಂದು ಓಡಿ ನಿಲ್ಲುತ್ತದೆ. ಅದಕ್ಕೂ ನೊಣ ಜಗ್ಗದಿದ್ದರೆ ಬಾಲ, ಬಾಲಕ್ಕೆ ಎಟುಕದ ಕಡೆಯಾದರೆ ಕಾಲು. "ಕಾಲು ಬಡಿಯೋಕೆ ಶುರು ಮಾಡ್ತು ಅಂದ್ರೆ ನಾವು ತಡ ಮಾಡಿದ್ವಿ ಅಂತ ಅರ್ಥ ಕಣಪ್ಪ" ಎನ್ನುತ್ತಾರೆ ಕುದುರೆ ತಾತ.

ತಾತನ ಊರು ಧರ್ಮಪುರಿ ಜಿಲ್ಲೆಯಲ್ಲಿ, ಪೆನ್ನಾಗರಂನಿಂದ ಹೊಗೇನಕಲ್ಲಿಗೆ ಇಳಿಯುವ ದಾರಿಯ ಬದಿಗೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕುದುರೆಯ ಹತ್ತಿರ ಎರಡೂ. ಹರೆಯದಲ್ಲಿ ಧರ್ಮಪುರಿ ಪೇಟೆಯಲ್ಲಿ ಜಟಕಾ ಹೊಡೆದವರು. ಬಸ್ಸು, ಆಟೊಗಳು ಆ ಬಾಡಿಗೆಯನ್ನು ಕಿತ್ತುಕೊಂಡ ಮೇಲೂ ಕುದುರೆ ಬಿಡಲಿಲ್ಲ. ಈಗ ಎರಡಿವೆ: ವಯಸ್ಸಾದ ಒಂದು ಕೆಂಪು ಹೆಣ್ಣುಕುದುರೆ, ಮದುವೆ ಮೆರವಣಿಗೆಗೂ ಊರಹಬ್ಬಕ್ಕೂ ಹೋಗುವ ಒಂದು ಬಿಳಿ ಕುದುರೆ. ನಾನು ಹೋದದ್ದು ಕುದುರೆ ನೋಡಲಿಕ್ಕಲ್ಲ, ಅವರ ಎಣ್ಣೆ ನೋಡಲಿಕ್ಕೆ. ಸುತ್ತಿನ ಹಳ್ಳಿಗಳಲ್ಲಿ ಎಮ್ಮೆ, ಎತ್ತು, ಕತ್ತೆ ಸಾಕುವವರೂ ಅವರ ಮನೆಗೆ ಬಾಟಲಿ ಹಿಡಿದು ಬರುತ್ತಾರೆ. ಹಣ ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ.

ಎಣ್ಣೆ ಕಾಯಿಸುವುದು ಹಿತ್ತಿಲಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ. ಎರಡು ಪಾಲು ಹೊಂಗೆ ಎಣ್ಣೆ ಬಾಣಲೆಗೆ ಬೀಳುತ್ತದೆ. ಅದು ಬಿಸಿಯಾಗುವಷ್ಟರಲ್ಲಿ ಅಜ್ಜಿ ಒರಳಿನಲ್ಲಿ ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿಯನ್ನೂ ಹೆಬ್ಬೆರಳುದ್ದದ ಬಜೆಯ ಬೇರನ್ನೂ ಜಜ್ಜಿ ಇಟ್ಟಿರುತ್ತಾರೆ. ಮೊದಲು ಲಕ್ಕಿ ಸೊಪ್ಪು, ಎರಡು ಬೊಗಸೆ. ಒದ್ದೆ ಸೊಪ್ಪು ಹಾಕಿದರೆ ಎಣ್ಣೆ ಸಿಡಿಯುತ್ತದೆ, ಬೇಗ ಕೆಡುತ್ತದೆ. ಹಾಗಾಗಿ ಕಿತ್ತ ಸೊಪ್ಪನ್ನು ನೆರಳಿನಲ್ಲಿ ಒಂದು ದಿನ ಬಾಡಿಸಿರಬೇಕು. ಸೊಪ್ಪು ಗರಿಗರಿಯಾದ ಮೇಲೆ ಬೆಳ್ಳುಳ್ಳಿ, ಬಜೆ. ಬೆಳ್ಳುಳ್ಳಿ ಕಂದು ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ ಬಾಣಲೆ ಕೆಳಗೆ. ಕಪ್ಪಾಗಲು ಬಿಟ್ಟರೆ ಆ ಎಣ್ಣೆ ದೀಪಕ್ಕೇ ಸರಿ.

ಇಷ್ಟರವರೆಗೆ ಯಾರು ಬೇಕಾದರೂ ಮಾಡಬಹುದು. ತಾತನ ಕೈ ತಿಳಿಯುವುದು ಆಮೇಲೆ. ಒಂದು ಪಾಲು ಬೇವಿನೆಣ್ಣೆಯನ್ನು ಅವರು ಒಲೆಗೆ ತೋರಿಸುವುದೇ ಇಲ್ಲ. ಕಾದ ಎಣ್ಣೆ ಬೆರಳಿಗೆ ಉಗುರುಬೆಚ್ಚಗೆ ತಾಕುವಷ್ಟು ಆರಿದ ಮೇಲೆ ಬೆರೆಸುತ್ತಾರೆ. ಬೇವು ಕಾಯಿಸಿದರೆ ಕಹಿ ಸಾಯುತ್ತದೆ ಅನ್ನುವುದು ಅವರ ಅಪ್ಪ ಹೇಳಿಕೊಟ್ಟ ಪಾಠ. ಬೇವಿನ ಬೀಜದಲ್ಲಿ ಕೀಟಗಳನ್ನು ಕಾಡುವ ಮುಖ್ಯ ಅಂಶವಾದ ಅಜಾಡಿರಾಕ್ಟಿನ್ ಬಿಸಿಗೂ ಬಿಸಿಲಿಗೂ ಒಡೆದುಹೋಗುತ್ತದೆ ಎಂದು ರಸಾಯನ ವಿಜ್ಞಾನವೂ ಹೇಳುತ್ತದೆ. ಎಣ್ಣೆ ಪೂರ್ತಿ ತಣ್ಣಗಾದ ಮೇಲೆ ಕರ್ಪೂರ, ಅದೂ ಚಿಟಿಕೆಯ ಲೆಕ್ಕ. ಕರ್ಪೂರ ಚರ್ಮದ ಮೂಲಕ ರಕ್ತಕ್ಕೆ ಇಳಿಯುವ ವಸ್ತು, ಹೆಚ್ಚಾದರೆ ವಿಷ. ಗಬ್ಬದ ಕುದುರೆಗೆ ಬೇಡ, ಗಾಯದ ಮೇಲೆ ಬೇಡ, ಕಣ್ಣು ಮೂತಿಯ ಹತ್ತಿರ ಬೇಡವೇ ಬೇಡ. ಹೊಸ ಕುದುರೆಯಾದರೆ ಭುಜದ ಹಿಂದೆ ಒಂದು ಅಂಗೈ ಅಗಲ ಸವರಿ, ಮರುದಿನ ಅಲ್ಲಿ ದದ್ದು ಎದ್ದಿದೆಯೇ ಎಂದು ನೋಡಿಯೇ ಮುಂದಿನ ಕೆಲಸ.

ಹಚ್ಚುವುದು ಹೊತ್ತು ಇಳಿದ ಮೇಲೆ, ಹಳೆಯ ಪಂಚೆಯ ತುಂಡಿನಿಂದ. ಬಿಸಿಲಿನಲ್ಲಿ ಎಣ್ಣೆ ಹಚ್ಚಿದರೆ ಚರ್ಮ ಬೇಯುತ್ತದೆ, ಧೂಳು ಮೆತ್ತುತ್ತದೆ. ಕಿವಿಯ ಹಿಂಬದಿ, ಎದೆ, ಹೊಟ್ಟೆಯ ಕೆಳಗಿನ ನಡುಗೆರೆ, ಮಂಡಿಯಿಂದ ಗೊರಸಿನವರೆಗೆ. ಜೀನು ಕೂರುವ ಜಾಗ ಬಿಟ್ಟುಬಿಡುತ್ತಾರೆ. ಜಾರುತ್ತದೆ, ಉಜ್ಜಿ ಹುಣ್ಣಾಗುತ್ತದೆ. ಅವರು ಆರಿಸಿಕೊಂಡ ಜಾಗಗಳನ್ನು ನೋಡಿ ನನಗೆ ಬೆರಗಾಯಿತು. ರಕ್ತ ಹೀರುವ ಲಾಯದ ನೊಣ ಕಚ್ಚುವುದು ಹೆಚ್ಚಾಗಿ ಕಾಲಿಗೆ. ಬರಿಗಣ್ಣಿಗೆ ಕಂಡೂ ಕಾಣದ ಕ್ಯೂಲಿಕಾಯಿಡಿಸ್ ಎಂಬ ನೊರಜು ಮುಸ್ಸಂಜೆ ಮುಂಜಾವುಗಳಲ್ಲೇ ಏಳುತ್ತದೆ. ತಾತ ಆ ಹೆಸರುಗಳನ್ನು ಕೇಳಿದವರಲ್ಲ, ಆದರೆ ಬಟ್ಟೆ ಹೋಗುವುದು ಸರಿಯಾದ ಹೊತ್ತಿಗೆ, ಸರಿಯಾದ ಕಡೆಗೆ.

ಎಣ್ಣೆಯನ್ನು ಹೊಗಳಿದರೆ ಅವರು ಲಾಯದ ಮೂಲೆಯ ಪೊರಕೆ ತೋರಿಸುತ್ತಾರೆ. "ಎಣ್ಣೆ ಅರ್ಧ ಕೆಲಸ ಮಾಡುತ್ತೆ, ಮಿಕ್ಕಿದ್ದು ಅದು." ಒಂದು ಕುದುರೆ ದಿನಕ್ಕೆ ಹಾಕುವ ಲದ್ದಿ 15ರಿಂದ 20 ಕಿಲೊ. ಸೆಕೆಗಾಲದಲ್ಲಿ ಮನೆನೊಣದ ಮೊಟ್ಟೆ ನೊಣವಾಗಿ ಹಾರಲು ವಾರ, ಹತ್ತು ದಿನ ಸಾಕು. ಲಾಯದ ನೊಣಕ್ಕಂತೂ ಗಂಜಲ ಬಿದ್ದು ಕೊಳೆತ ಹುಲ್ಲೇ ತೊಟ್ಟಿಲು. ತಾತ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಗುಡಿಸಿ ಲದ್ದಿಯನ್ನು ದೂರದ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯುತ್ತಾರೆ. ಕತ್ತಲಾಗುವಾಗ ಲಾಯದ ಗಾಳಿಬದಿಗೆ ಒಂದು ಒಡೆದ ಮಡಕೆಯಲ್ಲಿ ಬೆರಣಿಯ ಕೆಂಡ, ಅದರ ಮೇಲೆ ಹಸಿ ಬೇವಿನ ಸೊಪ್ಪು. ಹೊಗೆ ತೆಳ್ಳಗೆ ಹಾದುಹೋಗಬೇಕು, ಒಳಗೆ ನಿಲ್ಲಬಾರದು. ಕುದುರೆಯ ಶ್ವಾಸಕೋಶ ಹೊಗೆಯನ್ನು ತಾಳುವುದಿಲ್ಲ.

ಅಜ್ಜಿಯ ಪಾಲಿನ ಕೆಲಸವೊಂದಿದೆ, ಅದು ಕುಚ್ಚು. ಕಣ್ಣಿನ ಸುತ್ತ ಎಣ್ಣೆ ಹಚ್ಚುವಂತಿಲ್ಲವಲ್ಲ, ಅದಕ್ಕೆ ಹಣೆಪಟ್ಟಿಯಿಂದ ಕಣ್ಣಿನ ಮೇಲೆ ಇಳಿಬೀಳುವ ನೂಲಿನ ಎಳೆಗಳು. ಕುದುರೆ ತಲೆ ಆಡಿಸಿದಾಗಲೆಲ್ಲ ಎಳೆಗಳು ತೂಗಿ ನೊಣ ಎಬ್ಬಿಸುತ್ತವೆ. ಅಜ್ಜಿಯ ತವರು ಸೇಲಂ, ದೇವಾಂಗರ ಮನೆತನ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಉಳಿದಿದೆ. ಮಗ್ಗದಲ್ಲಿ ಉಳಿದ ನೂಲಿನ ತುದಿಗಳನ್ನು ತವರಿನಿಂದ ತಂದು ಹೊಸೆದು ಗಂಟು ಹಾಕುತ್ತಾರೆ. ಎಳೆ ಕಣ್ಣು ದಾಟಿ ಕೆಳಗೆ ಬರಬೇಕು, ಮೂಗಿನ ಹೊಳ್ಳೆಗೆ ತಾಕಬಾರದು. ಬಿಳಿ ಕುದುರೆಗೆ ಕೆಂಪು ಕುಚ್ಚು, ಕೆಂಪಿನದಕ್ಕೆ ಹಳದಿ. ಮದುವೆ ಮನೆಯವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ.

ಈ ವಿದ್ಯೆ ಎಲ್ಲಿಂದ ಬಂತು ಎಂದರೆ ತಾತ ತಮ್ಮ ಅಜ್ಜನ ಹೆಸರು ಹೇಳುತ್ತಾರೆ. ಆ ಅಜ್ಜ ಹೊಸೂರಿನ ಹತ್ತಿರ ಮತ್ತಿಗಿರಿಯ ಸರ್ಕಾರಿ ಲಾಯದಲ್ಲಿ ಆಳಾಗಿದ್ದರಂತೆ. ಮತ್ತಿಗಿರಿಯಲ್ಲಿ 19ನೇ ಶತಮಾನದಲ್ಲಿ ಮದ್ರಾಸ್ ಸೈನ್ಯಕ್ಕೆ ಕುದುರೆ ಒದಗಿಸುವ ರಿಮೌಂಟ್ ಡಿಪೊ ಇತ್ತು. ಮುಂದೆ ಅದು ಸರ್ಕಾರದ ಜಾನುವಾರು ಕ್ಷೇತ್ರವಾಯಿತು. ಆಗ ಹೊಸೂರು ಸೇಲಂ ಜಿಲ್ಲೆಯದು. 1965ರಲ್ಲಿ ಸೇಲಂ ಒಡೆದು ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಧರ್ಮಪುರಿ ಒಡೆದು ಹೊಸೂರು ಕೃಷ್ಣಗಿರಿಗೆ ಹೋಯಿತು. ಅದಕ್ಕೂ ಹಿಂದೆ ಧರ್ಮಪುರಿಯ ಕಡೆಯೆಲ್ಲ ಬಾರಾಮಹಲ್, ಟಿಪ್ಪು ಸುಲ್ತಾನ್ 1792ರ ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆ. ಅದು ಕಂಪನಿಯ ಅಧಿಕಾರಿ ಕ್ಯಾಪ್ಟನ್ ರೀಡ್‌ನ ಸಹಾಯಕನಾಗಿ ಥಾಮಸ್ ಮನ್ರೊ ಧರ್ಮಪುರಿಯಲ್ಲಿ ಬಿಡಾರ ಮಾಡಿ ಕಂದಾಯದ ಲೆಕ್ಕ ಕಟ್ಟಿದ ಕಾಲ. ಆ ಸೈನ್ಯ, ಆ ದಂಡು, ಆ ಸವಾರಿಗಳ ಹಿಂದೆ ಒಬ್ಬೊಬ್ಬ ಲಾಯದಾಳು ಸಂಜೆಗೊಮ್ಮೆ ಬಟ್ಟೆಯಲ್ಲಿ ಏನನ್ನೋ ಅದ್ದಿ ಕುದುರೆಯ ಕಾಲು ಒರೆಸಿರಲೇಬೇಕು ಎಂದು ನನ್ನ ನಂಬಿಕೆ. ಅಂಥವರ ವಿಷಯವನ್ನು ಗೆಜೆಟಿಯರುಗಳು ಬರೆಯುವುದಿಲ್ಲ.

ನೊಣ ಬರೀ ಕಿರಿಕಿರಿಯ ಮಾತಲ್ಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೇನಾ ಪಶುವೈದ್ಯ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಸರ್ರಾ ರೋಗದಿಂದ ಸಾಯುತ್ತಿದ್ದ ಕುದುರೆ ಒಂಟೆಗಳ ರಕ್ತದಲ್ಲಿ ಈಜುವ ಪರೋಪಜೀವಿಯನ್ನು ಕಂಡ. ಅದನ್ನು ಒಂದರ ರಕ್ತದಿಂದ ಇನ್ನೊಂದಕ್ಕೆ ದಾಟಿಸುವುದು ಕುದುರೆನೊಣ ಮತ್ತು ಲಾಯದ ನೊಣ. 1960ರಲ್ಲಿ ಭಾರತಕ್ಕೂ ನುಗ್ಗಿದ ಆಫ್ರಿಕನ್ ಕುದುರೆ ಜಾಡ್ಯವನ್ನು ಹರಡಿದ್ದು ಆ ಸಂಜೆಯ ನೊರಜು. ಮಳೆಗಾಲದಲ್ಲಿ ಒಣಗದ ಹುಣ್ಣಿಗೆ ಹುಳದ ಮರಿ ತಂದಿಡುವುದು ಸಾಮಾನ್ಯ ಮನೆನೊಣ.

ತಾತನ ಇನ್ನೊಂದು ಮಾತು ನನ್ನನ್ನು ಬಹಳ ಕಾಡಿತು: "ಬೆಳ್ಳನೇದಕ್ಕೆ ದೊಡ್ಡ ನೊಣ ಕಮ್ಮಿ, ಕೆಂಪೀಗೇ ಜಾಸ್ತಿ." 2010ರಲ್ಲಿ ಹಂಗೆರಿಯ ಗಾಬೊರ್ ಹೊರ್ವಾತ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಕಪ್ಪು, ಕಂದು ಮೈಯಿಂದ ಬೆಳಕು ಒಂದು ವಿಶೇಷ ರೀತಿಯಲ್ಲಿ ಧ್ರುವೀಕರಣಗೊಂಡು ಚಿಮ್ಮುತ್ತದೆ. ನೀರಿನ ಮೇಲ್ಮೈಯಿಂದ ಬರುವ ಬೆಳಕೂ ಹಾಗೆಯೇ. ನೀರು ಹುಡುಕುವ ಕುದುರೆನೊಣ ಅದಕ್ಕೆ ಮರುಳಾಗುತ್ತದೆ. ಬಿಳಿ ಮೈಯಲ್ಲಿ ಆ ಸೆಳೆತ ಬಹಳ ಕಡಿಮೆ. 2019ರಲ್ಲಿ ಬ್ರಿಟನ್ನಿನಲ್ಲಿ ಟಿಮ್ ಕ್ಯಾರೊ ಅವರ ತಂಡ ಕುದುರೆಗಳಿಗೆ ಜೀಬ್ರಾ ಪಟ್ಟೆಯ ಹೊದಿಕೆ ಹೊದಿಸಿ ನೋಡಿದಾಗಲೂ ಕೂರುವ ನೊಣಗಳು ಕಡಿಮೆಯಾದವು. ಇದನ್ನು ಹೇಳಿದಾಗ ತಾತನಿಗೆ ಅಚ್ಚರಿಯೇನೂ ಆಗಲಿಲ್ಲ. ಕೆಂಪಿಗೆ ಬೇಸಿಗೆಯ ಮಧ್ಯಾಹ್ನ ಬಿಳಿಯ ಹಳೇ ಪಂಚೆ ಹೊದಿಸುವ ರೂಢಿ ಅವರಲ್ಲಿ ಮೊದಲಿನಿಂದ ಇದೆ.

ದನಗಳ ಮಟ್ಟಿಗೆ ಇಂಥ ಮನೆಮದ್ದನ್ನು ವಿದ್ಯಾವಂತರು ಗೌರವದಿಂದ ಕಂಡಿದ್ದಾರೆ. 1989ರಲ್ಲಿ ಆರಂಭವಾದ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯ, ಬೆಂಗಳೂರಿನ ಟ್ರಾನ್ಸ್ ಡಿಸಿಪ್ಲಿನರಿ ವಿಶ್ವವಿದ್ಯಾಲಯ, ಆನಂದ್‌ನ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಇವುಗಳಿಂದಾಗಿ ಉಣ್ಣೆ ಮೊದಲಾದ ಹೊರಮೈ ಕೀಟಗಳಿಗೆ ಒಂದು ಪಾಕ ಹೈನುಗಾರರ ಕೈ ಸೇರಿದೆ: 10 ಎಸಳು ಬೆಳ್ಳುಳ್ಳಿ, ಹಿಡಿ ಬೇವಿನ ಸೊಪ್ಪು, ಹಿಡಿ ಬೇವಿನ ಹಣ್ಣು, 10 ಗ್ರಾಂ ಬಜೆ, 20 ಗ್ರಾಂ ಅರಿಸಿನ, ಹಿಡಿ ಲಂಟಾನ ಎಲೆ, ಹಿಡಿ ತುಳಸಿ, ಅರೆದು, 1 ಲೀಟರ್ ನೀರು ಸೇರಿಸಿ, ಸೋಸಿ ಮೈಗೆ ಎರಚುವುದು, ಕೊಟ್ಟಿಗೆಯ ಬಿರುಕುಗಳಿಗೂ ಹಾಕುವುದು. ತಾತನ ಬಾಣಲೆಯ ಅರ್ಧ ಸಾಮಾನು ಅದರಲ್ಲಿಯೂ ಇದೆ. ಆದರೆ ದನದ ಮದ್ದನ್ನು ಹಾಗೆಯೇ ಕುದುರೆಗೆ ಹಚ್ಚುವಂತಿಲ್ಲ. ಕುದುರೆಯ ಚರ್ಮ ತೆಳು, ಬೇಗ ಕೆರಳುತ್ತದೆ. ಲಂಟಾನ ಹೊಟ್ಟೆಗೆ ಹೋದರೆ ಈಲಿ ಕೆಡುತ್ತದೆ. ಕುದುರೆಗೆ ಎಷ್ಟು ಪಾಲು, ಎಷ್ಟು ಹೊತ್ತು, ಯಾವ ನೊಣಕ್ಕೆ ಎಂದು ಯಾರಾದರೂ ಕೂತು ತೂಕ ಹಾಕಿ ಬರೆಯಬೇಕು. ತಾತ ಇರುವಾಗಲೇ ಬರೆಯಬೇಕು. ಗದ್ದೆಗಿಳಿಯದ, ಹಾಲು ಕೊಡದ ಪ್ರಾಣಿ ಎಂಬ ಒಂದೇ ಕಾರಣಕ್ಕೆ ಕುದುರೆಯನ್ನು ಈ ಸಾಲಿನಿಂದ ಹೊರಗಿಡುವುದು ಸರಿಯಲ್ಲ.

ಕುದುರೆಗಳೇ ಕಡಿಮೆಯಾಗುತ್ತಿವೆ ಎಂಬುದು ನಿಜ. 2012ರ ಗಣತಿಯಲ್ಲಿ ದೇಶದಲ್ಲಿ 6 ಲಕ್ಷಕ್ಕೂ ಹೆಚ್ಚಿದ್ದ ಕುದುರೆ, ತಟ್ಟುಗಳು 2019ರ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿದ್ದವು. ಕತ್ತೆಗಳದು ಇನ್ನೂ ಕಡೆ: 3 ಲಕ್ಷದ ಮೇಲಿದ್ದವು 1.2 ಲಕ್ಷಕ್ಕೆ. ಪೆನ್ನಾಗರಂ ಹತ್ತಿರದ ಕೋಟ್ಟೂರು ಮಲೆಯ ಹಳ್ಳಿಗೆ ಚುನಾವಣೆ ಬಂದಾಗಲೆಲ್ಲ ಮತಯಂತ್ರ ಹೊತ್ತು ಹತ್ತಿದ್ದು ಕತ್ತೆಗಳೇ. ಆ ಒಂದು ದಿನ ಪತ್ರಿಕೆಗಳಲ್ಲಿ ಅವುಗಳ ಚಿತ್ರ ಬರುತ್ತಿತ್ತು.

ಈಗ ಹೊಂಗೆ ಬೀಜ ಆರಿಸುವವರಿಲ್ಲ, ತಾತ ಎಣ್ಣೆ ಹಾಕಿಸುತ್ತಿದ್ದ ಗಾಣ ಮುಚ್ಚಿದೆ. ಧರ್ಮಪುರಿಯ ಅಂಗಡಿಯಿಂದ ತರುವ ಬಾಟಲಿ ಎಣ್ಣೆಯನ್ನು ಅವರು ಮೂಸಿ ನೋಡಿ ಮುಖ ಸಿಂಡರಿಸುತ್ತಾರೆ. ಮೊಮ್ಮಗ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಭಾನುವಾರ ಬಂದರೆ ಕುದುರೆಯ ಮೈ ಉಜ್ಜಿಕೊಟ್ಟು ಸಂಜೆಯ ಬಸ್ಸು ಹಿಡಿಯುತ್ತಾನೆ.

ಸೇಲಂ ಗಡಿಯಾಚೆ, ಈರೋಡ್ ಜಿಲ್ಲೆಯ ಅಂದಿಯೂರಿನಲ್ಲಿ ಆಡಿ ತಿಂಗಳ ಗುರುನಾಥಸ್ವಾಮಿ ಜಾತ್ರೆಗೆ ಕಾಠಿಯಾವಾಡಿ, ಮಾರ್ವಾಡಿ ಕುದುರೆಗಳು ಬಂದು ಸೇರುತ್ತವೆ. ಬರುವ ಆಡಿಗೆ ಬಿಳಿಯದನ್ನು ಮಾರಲು ಅಲ್ಲಿಗೆ ಹೊಡೆದುಕೊಂಡು ಹೋಗುವ ಮಾತು ಮನೆಯಲ್ಲಿ ನಡೆದಿದೆ. ಕೆಂಪಿಯನ್ನು ಮಾರುವ ಮಾತಿಲ್ಲ, ಅದಕ್ಕೆ ವಯಸ್ಸಾಯಿತು. "ಕೊಂಡುಕೊಳ್ಳೋನು ದುಡ್ಡು ಎಷ್ಟಾದ್ರೂ ಕೊಡಲಿ ಕಣಪ್ಪ" ಎಂದರು ತಾತ, "ಎಣ್ಣೆ ಕಾಯಿಸೋದು ಕಲ್ತುಕೊಂಡು ಹೋಗೋಕೆ ಒಂದು ದಿನ ನಮ್ಮನೇಲಿ ಇರ್ತಾನಾ ಅಂತ ಕೇಳ್ಬೇಕು." ಕುಚ್ಚು ಹೊಸೆಯುತ್ತಿದ್ದ ಅಜ್ಜಿ, ಹಾಗೆ ಇರುವವನು ಸಿಗುವವರೆಗೂ ಮಾರುವುದು ಬೇಡ ಎಂದರು.