ಪ್ರಾಸ್ಟೇಟ್ ಕ್ಯಾನ್ಸರ್: ಹಾರ್ಮೋನ್ ಚಿಕಿತ್ಸೆಯನ್ನು ಮನೆಯವರೂ ತಿಳಿದಿರಲಿ

ವಯಸ್ಸಾದ ಗಂಡಸರು ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆಂದು ಎದ್ದರೆ ನಮ್ಮ ಮನೆಗಳಲ್ಲಿ ಯಾರೂ ಅದನ್ನು ರೋಗವೆಂದು ಎಣಿಸುವುದಿಲ್ಲ. "ಪ್ರಾಯವಾಯಿತಲ್ಲ" ಎಂದು ಸುಮ್ಮನಾಗುತ್ತಾರೆ. ವುಝೂ ನಿಲ್ಲುವುದಿಲ್ಲವೆಂದು ಮಸೀದಿಗೆ ಹೋಗುವುದನ್ನೇ ಕಡಿಮೆ ಮಾಡಿದವರೂ ಕಾರಣವನ್ನು ಹೆಂಡತಿಗೆ ಹೇಳುವುದಿಲ್ಲ. ಮೂತ್ರ ಹಿಡಿತಕ್ಕೆ ಸಿಗದವರಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಆದರೆ ರೋಗವನ್ನು ಬಚ್ಚಿಟ್ಟರೆ ರೋಗ ರಿಯಾಯಿತಿ ಕೊಡುವುದಿಲ್ಲ.

ಹೆಚ್ಚಿನವರಲ್ಲಿ ಇದು ಪ್ರಾಸ್ಟೇಟ್ ಗ್ರಂಥಿಯ ಸಾಮಾನ್ಯ ಊತ. ಕೆಲವರಲ್ಲಿ ಮಾತ್ರ ಕ್ಯಾನ್ಸರ್. ಆರಂಭದಲ್ಲಿ ಕ್ಯಾನ್ಸರ್ ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ವೈದ್ಯರ ತಪಾಸಣೆ, ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಮತ್ತು ಅಗತ್ಯವಿದ್ದರೆ ಬಯಾಪ್ಸಿಯಿಂದ ವಿಷಯ ತಿಳಿಯುತ್ತದೆ. ತಡವಾದರೆ ಅದು ಎಲುಬಿಗೆ ಹರಡಬಹುದು. ಬಹಳ ದಿನಗಳ ಸೊಂಟನೋವಿಗೆ ಬರೀ ಎಣ್ಣೆ ತಿಕ್ಕುತ್ತಾ ಕೂರುವುದು ಅಪಾಯಕಾರಿ.

ಚಿಕಿತ್ಸೆಯ ಮೂಲ

ಈ ಕ್ಯಾನ್ಸರ್ ಬೆಳೆಯುವುದು ಪುರುಷ ಹಾರ್ಮೋನಿನ ಬಲದಿಂದ. ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ಇದನ್ನು ತೋರಿಸಿಕೊಟ್ಟರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಹಾರ್ಮೋನಿನ ಹೆಚ್ಚಿನ ಭಾಗ ವೃಷಣಗಳಲ್ಲಿ ತಯಾರಾಗುತ್ತದೆ. ಆದ್ದರಿಂದ ಶಸ್ತ್ರಕ್ರಿಯೆಯಿಂದ ಅವನ್ನು ತೆಗೆಯುವುದು ಹಳೆಯ ಕ್ರಮ. ಖರ್ಚು ಕಡಿಮೆಯಾದ ಕಾರಣ ಈಗಲೂ ಅದನ್ನು ಆರಿಸಿಕೊಳ್ಳುವವರಿದ್ದಾರೆ. ಲ್ಯೂಪ್ರೊಲೈಡ್, ಗೊಸೆರೆಲಿನ್ ಮುಂತಾದ ಇಂಜೆಕ್ಷನ್‌ಗಳು ಶಸ್ತ್ರಕ್ರಿಯೆ ಇಲ್ಲದೆ ಅದೇ ಕೆಲಸ ಮಾಡುತ್ತವೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಇವನ್ನು ಕೊಡುತ್ತಾರೆ.

ಇಂಥ ಇಂಜೆಕ್ಷನ್ ಕೊಟ್ಟ ಮೊದಲ ಒಂದೆರಡು ವಾರ ಹಾರ್ಮೋನ್ ಕುಗ್ಗುವ ಬದಲು ಏರುತ್ತದೆ. ಆ ಏರಿಕೆಯಿಂದ ಕ್ಯಾನ್ಸರಿಗೆ ಬಲ ಸಿಗದಂತೆ ತಡೆಯಲು ಬೈಕಾಲುಟಮೈಡ್ ಮಾತ್ರೆ ಕೊಡುತ್ತಾರೆ. "ಇಂಜೆಕ್ಷನ್ ಇದೆಯಲ್ಲ, ಮಾತ್ರೆ ಯಾಕೆ?" ಎಂದು ಬಿಟ್ಟುಬಿಡಬಾರದು.

ವರ್ಷಗಳು ಕಳೆದಂತೆ ಅಲ್ಪಸ್ವಲ್ಪ ಹಾರ್ಮೋನಿನಲ್ಲೇ ಬೆಳೆಯಲು ಕ್ಯಾನ್ಸರ್ ಕಲಿತುಬಿಡುತ್ತದೆ. ಆಗ ಅಬಿರಾಟೆರೋನ್, ಎನ್ಜಾಲುಟಮೈಡ್ ಮುಂತಾದ ಹೊಸ ಔಷಧಗಳಿವೆ. ರೋಗ ಹರಡಿದವರಿಗೆ ಇವನ್ನು ಈಗ ಆರಂಭದಲ್ಲೇ ಕೊಡುವುದೂ ಉಂಟು. ಎನ್ಜಾಲುಟಮೈಡ್‌ನ ಪೇಟೆಂಟ್ ಅರ್ಜಿಯನ್ನು ಭಾರತದ ಪೇಟೆಂಟ್ ಕಚೇರಿ 2016ರಲ್ಲಿ ತಿರಸ್ಕರಿಸಿತು. ಇಂದು ಈ ಎರಡೂ ಔಷಧಗಳನ್ನು ಭಾರತೀಯ ಕಂಪೆನಿಗಳು ತಯಾರಿಸುತ್ತಿವೆ. ಒಂದೇ ಔಷಧಕ್ಕೆ ಕಂಪೆನಿಯಿಂದ ಕಂಪೆನಿಗೆ ಬೆಲೆ ಬೇರೆ ಇರುವುದರಿಂದ ಕಡಿಮೆ ಬೆಲೆಯದು ಇದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಮನೆಯೊಳಗಿನ ಮಾತು

ಈ ಚಿಕಿತ್ಸೆಯಲ್ಲಿ ಗಂಡಸಿನ ದೇಹವೂ ಮನಸ್ಸೂ ಬದಲಾಗುತ್ತವೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ. ಆಯಾಸ, ಸಿಟ್ಟು, ಖಿನ್ನತೆ, ಎದೆಯ ಊತ, ದಾಂಪತ್ಯದಲ್ಲಿ ನಿರಾಸಕ್ತಿ ಕಾಣಿಸಬಹುದು. ಕಾರಣ ತಿಳಿಯದ ಹೆಂಡತಿ "ನನ್ನ ಮೇಲೆ ಪ್ರೀತಿ ಕಡಿಮೆಯಾಯಿತೇ?" ಎಂದು ಒಳಗೊಳಗೇ ಕೊರಗುತ್ತಾಳೆ. ಗಂಡ ತನ್ನ ಗಂಡಸುತನವೇ ಹೋಯಿತೆಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಇದು ಔಷಧದ ಪರಿಣಾಮ, ಯಾರ ತಪ್ಪೂ ಅಲ್ಲ. ಚಿಕಿತ್ಸೆ ಆರಂಭಿಸುವ ಮುನ್ನವೇ ಪತಿಪತ್ನಿ ಇಬ್ಬರೂ ವೈದ್ಯರ ಮುಂದೆ ಕೂತು ಇದನ್ನು ಕೇಳಿ ತಿಳಿದುಕೊಂಡರೆ ಎಷ್ಟೋ ಮನೆಗಳ ನೆಮ್ಮದಿ ಉಳಿದೀತು.

ಎಲುಬು ಸವೆಯುವುದು, ಸಕ್ಕರೆ ಏರುವುದು ಕೂಡಾ ಇದರ ಪರಿಣಾಮಗಳು. ದಿನಾ ನಡಿಗೆ, ವೈದ್ಯರು ಹೇಳಿದ ಕ್ಯಾಲ್ಸಿಯಂ, ಆಗಾಗ ರಕ್ತಪರೀಕ್ಷೆ ಅಗತ್ಯ. ಅಬಿರಾಟೆರೋನನ್ನು ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಅದರ ಜೊತೆಗೆ ಕೊಡುವ ಪ್ರೆಡ್ನಿಸೋಲೋನನ್ನು ತಟ್ಟನೆ ನಿಲ್ಲಿಸಬಾರದು. ರಂಝಾನ್‌ನಲ್ಲಿ ಉಪವಾಸ ಮಾಡಬಹುದೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಬೇಕು. ರೋಗಿಗೆ ಉಪವಾಸ ಬಿಡಲು ಅನುಮತಿಯಿದೆ. ಗುಣವಾಗುವ ಭರವಸೆ ಇಲ್ಲದವರಿಗೆ ಫಿದ್ಯಾದ ದಾರಿಯೂ ಇದೆ.

ನೆರವು ಎಲ್ಲಿ?

ಮುಂಡಾಜೆಯಂಥ ಊರಿನವರು ಇಂಥ ಚಿಕಿತ್ಸೆಗೆ ಬೆಳ್ತಂಗಡಿ, ಬಂಟ್ವಾಳ ದಾಟಿ ಮಂಗಳೂರಿಗೇ ಹೋಗಬೇಕು. ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ಹೋಗುತ್ತದೆ. ಹಾಗಾಗಿಯೇ ಎರಡನೇ ಇಂಜೆಕ್ಷನ್ ತಪ್ಪಿಹೋಗುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ನಿಮಗೆ ಬರೆದುಕೊಟ್ಟ ಔಷಧ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನ ಸರಕಾರಿ ಕ್ಯಾನ್ಸರ್ ಸಂಸ್ಥೆ ಕಿದ್ವಾಯಿ ಆಸ್ಪತ್ರೆಯೂ ಇದೆ.

ಮಕ್ಕಳು ಗಲ್ಫಿನಲ್ಲಿದ್ದರೆ ಹಣ ಕಳುಹಿಸಿ ಸುಮ್ಮನಾಗಬಾರದು. ಮುಂದಿನ ಇಂಜೆಕ್ಷನ್ ಯಾವ ತಾರೀಕಿಗೆ, ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಫೋನಿನಲ್ಲಿ ಕೇಳಬೇಕು. ಅಡಿಕೆ ತೋಟದ ಲೆಕ್ಕ ಕೇಳುವಷ್ಟೇ ಸಹಜವಾಗಿ ತಂದೆಯ ಆರೋಗ್ಯದ ಲೆಕ್ಕವನ್ನೂ ಕೇಳುವ ಮಕ್ಕಳಿದ್ದರೆ ಅವರೂ ಬಾಯಿ ಬಿಟ್ಟಾರು.